ಪುಕ್ಕಟೆ ಹಾಡಿನ ಪಂಚಾಂಗ

ಬೆಂಗಳೂರಿಗೆ ಬಂದ ಎರಡನೇ ವರ್ಷ ಆಫೀಸಿನ ಗೆಳೆಯರ ಜೊತೆ ಒಂದು ‘ಸೂಫಿ ನೈಟ್’ಗೆ ಹೋಗಿದ್ದೆ. ಟಿಕೆಟ್ಟು ಒಂದೂವರೆ ಸಾವಿರ, ಕುಡಿಯೋ ನೀರಿಗೆ ಬೇರೆ ದುಡ್ಡು. ಮರುದಿನ ಫೋನಿನಲ್ಲಿ ಮುತ್ಯಾಗೆ ಜಂಬದಿಂದಲೇ ಹೇಳಿದೆ. ಮುತ್ಯಾ ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ನಲವತ್ತು ವರ್ಷ ತೊಗರಿಯ ಲೆಕ್ಕ ಬರೆದವರು. “ಹಾಡು ಕೇಳ್ಲಾಕ ರೊಕ್ಕ ಕೊಟ್ಟಿ? ಊರಾಗ ಇದ್ದಾಗ ಕರದರೂ ಬರ್ಲಿಲ್ಲಲ್ಲೋ ತಮ್ಮಾ” ಅಂದರು.

ಮಾತು ನಾಟಿತು. ರಜೆಗೆ ಊರಿಗೆ ಹೋದಾಗ ಅವರನ್ನೇ ಕೂರಿಸಿಕೊಂಡು, ನಮ್ಮೂರಲ್ಲಿ ವರ್ಷಪೂರ್ತಿ ಎಲ್ಲೆಲ್ಲಿ ಪುಕ್ಕಟೆ ಹಾಡು ಸಿಗುತ್ತೆ ಅಂತ ಒಂದು ಪಟ್ಟಿ ಮಾಡಿದೆ. ಪಟ್ಟಿ ಮಾಡ್ತಾ ಹೋದ ಹಾಗೆ ಆರುನೂರು ವರ್ಷದ ಇತಿಹಾಸವೇ ಬಿಚ್ಚಿಕೊಳ್ತು.

ಮೊದಲ ಹೆಸರು ಖ್ವಾಜಾ ಬಂದೇ ನವಾಜರ ಉರುಸು. 1398ರಲ್ಲಿ ತೈಮೂರ್ ದಿಲ್ಲಿಯ ಮೇಲೆ ಬಿದ್ದಾಗ ಊರು ಬಿಟ್ಟ ಈ ಚಿಶ್ತಿ ಸೂಫಿ, 1400ರ ಸುಮಾರಿಗೆ ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ ಕಲಬುರಗಿಗೆ ಬಂದರು. 1422ರಲ್ಲಿ ಇಲ್ಲೇ ತೀರಿಕೊಂಡರು. ಸಂಗೀತ ಕೇಳುವುದು ದೇವರ ಕಡೆಗಿನ ದಾರಿ ಅನ್ನೋದು ಚಿಶ್ತಿಗಳ ನಂಬಿಕೆ. ಅದಕ್ಕೇ ‘ಸಮಾ’ ಅಂತ ಹೆಸರು. ಸಮಾ ಅಂದರೆ ಕೇಳುವಿಕೆ. ಗಮನಿಸಿ, ಹಾಡೋದಲ್ಲ, ಕೇಳೋದು! ಉರುಸು ಚಾಂದ್ರಮಾನದ ಲೆಕ್ಕದಲ್ಲಿ ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತೆ. ಹಾಗಾಗಿ ಮೂವತ್ತಮೂರು ವರ್ಷ ಊರಲ್ಲೇ ಇದ್ದವರು ಕವ್ವಾಲಿಯನ್ನು ಬಿಸಿಲಲ್ಲೂ ಮಳೆಯಲ್ಲೂ ಚಳಿಯಲ್ಲೂ ಕೇಳಿರ್ತಾರೆ.

ಆ ಹೆಸರು ದರ್ಗಾದ ಗೋಡೆಯೊಳಗೇ ಉಳಿಯಲಿಲ್ಲ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ (ಆಳಿದ್ದು 1580ರಿಂದ 1627) ರಾಗಗಳಿಗೆ ಹೊಂದಿಸಿ ದಖನಿಯಲ್ಲಿ ಹಾಡು ಕಟ್ಟಿದ ದೊರೆ. ಅವನ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿ, ಗಣಪತಿಯರ ಜೊತೆಗೆ ನಮ್ಮ ಬಂದೇ ನವಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ‘ಮೋತಿ ಖಾನ್’ ಅಂತ ಹೆಸರಿಟ್ಟಿದ್ದನಂತೆ ಪುಣ್ಯಾತ್ಮ. ಅರಮನೆಯ ಆ ಹಾಡು ಎಲ್ಲರ ಕಿವಿಗೆ ಬೀಳಲಿಲ್ಲ, ನಿಜ. ಆದರೆ ವಿಜಯಪುರದ ಸೂಫಿಗಳು 17ನೇ ಶತಮಾನದಲ್ಲಿ ಬೀಸುವ ಹೆಂಗಸರಿಗಾಗಿ ‘ಚಕ್ಕಿನಾಮಾ’ ಹಾಡು ಬರೆದರು. ನಮ್ಮ ಅಮ್ಮಂದಿರ ಬೀಸುಕಲ್ಲಿನ ಪದಗಳಿಗೆ ಅವು ದಖನಿಯ ಅಕ್ಕತಂಗಿಯರು. ಅಲ್ಲಿ ಟಿಕೆಟ್ಟು ಅಂದರೆ ಒಂದು ಸೇರು ಜೋಳ ಬೀಸೋದು, ಅಷ್ಟೇ.

ಪಂಚಾಂಗದ ಎರಡನೇ ಸಾಲು ಶರಣಬಸವೇಶ್ವರರ ಜಾತ್ರೆ. ಹೋಳಿ ಆಗಿ ಐದನೇ ದಿನಕ್ಕೆ ತೇರು. ದಾಸೋಹಕ್ಕೆ ಹೆಸರಾದ ಈ ಶರಣರ ಕಾಲದಲ್ಲೇ, ಇದೇ ಜೇವರ್ಗಿ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರು ತತ್ವಪದ ಹಾಡ್ತಿದ್ದರು. ಅವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪ ಇದ್ದರು, ಚೆನ್ನೂರ ಜಲಾಲಸಾಹೇಬರೂ ಇದ್ದರು. ಹಾಡಿನ ಮನೆಗೆ ಜಾತಿಯ ಹೊಸ್ತಿಲು ಇರಲಿಲ್ಲ. ಜಾತ್ರೆಯ ರಾತ್ರಿ ಭಜನಿ ತಂಡಗಳು ಏಕತಾರಿ, ದಮ್ಮಡಿ, ತಾಳ ಹಿಡಿದು ಕೂತರೆ ಬೆಳಗಾದದ್ದೇ ಗೊತ್ತಾಗಲ್ಲ.

ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಕರ್ಬಲಾದ ಕಥೆ ಕನ್ನಡದ ರಿವಾಯತ ಹಾಡಾಗುತ್ತೆ. ಶ್ರಾವಣದಲ್ಲಿ ಓಣಿ ಓಣಿಯ ಗುಡಿಗಳಲ್ಲಿ ಭಜನಿ. 1966ರಲ್ಲಿ ಆಕಾಶವಾಣಿ ಶುರುವಾದ ಮೇಲೆ ಹಳ್ಳಿಯ ದನಿಗಳು ಗಂಜಿನ ಅಂಗಡಿಗೂ ಬಂದವು. ಚೀಲ ಹೊಲಿಯುತ್ತಾ ಹಮಾಲರು ಕೇಳ್ತಿದ್ದರು ಅಂತಾರೆ ಮುತ್ಯಾ. ಇನ್ನು ಡಾ. ಎಸ್. ಎಂ. ಪಂಡಿತ ರಂಗಮಂದಿರದಲ್ಲಿ ಸರ್ಕಾರಿ ಕಾರ್ಯಕ್ರಮ ಇದ್ದರೆ ಸುಮ್ಮನೆ ಒಳಗೆ ಹೋಗಿ ಕೂರಬಹುದು.

ಪಟ್ಟಿ ಮುಗೀತು. ಆದರೆ ಒಂದು ಪ್ರಶ್ನೆ ಉಳೀತು: ಪುಕ್ಕಟೆ ಅಂದರೆ ಯಾರ ಖರ್ಚಲ್ಲಿ? ದರ್ಗಾದ ಲಂಗರು, ಮಠದ ದಾಸೋಹ, ಅಡತಿಯವರು ಕೊಡೋ ಅಕ್ಕಿ-ಬೇಳೆ. ಅಷ್ಟು ಕೇಳುಗರ ಹೊಟ್ಟೆಗಾಯ್ತು. ಹಾಡೋರಿಗೆ? ಹಗಲೆಲ್ಲ ಚೀಲ ಹೊತ್ತವರು, ಲೆಕ್ಕ ಬರೆದವರು ರಾತ್ರಿ ನಿದ್ದೆ ಬಿಟ್ಟು ಹಾಡಿದರು. ಮುತ್ಯಾನ ಭಜನಿ ಮೇಳದಲ್ಲಿ ಒಂಬತ್ತು ಜನ ಇದ್ದರು. ಈಗ ಮೂವರು. ಅವರ ಮೊಮ್ಮಕ್ಕಳೆಲ್ಲ ನನ್ನ ಹಾಗೆ ಪುಣೆ, ಹೈದರಾಬಾದು, ಬೆಂಗಳೂರಲ್ಲಿ ಟಿಕೆಟ್ಟು ಕೊಳ್ತಿದ್ದಾರೆ.

ಕಳೆದ ಶ್ರಾವಣ ಸೋಮವಾರ ಕೊನೆಗೂ ಅವರ ಜೊತೆ ಗುಡಿಗೆ ಹೋದೆ. ಗೋಡೆಗೆ ಒರಗಿ ಮೊಬೈಲಲ್ಲಿ ರೆಕಾರ್ಡ್ ಮಾಡ್ತಾ ಕೂತಿದ್ದೆ. ತತ್ವಪದದಲ್ಲಿ ಒಬ್ಬರು ನುಡಿ ಹೇಳಿದರೆ ಉಳಿದವರು ಪಲ್ಲವಿ ಎತ್ತಿಕೊಳ್ಳಬೇಕು. ಮೂವರೇ ಇದ್ದದ್ದಕ್ಕೆ ಪಲ್ಲವಿ ತೆಳ್ಳಗಾಗಿ ಕೇಳ್ತಿತ್ತು. ಒಂದು ಪದ ಮುಗಿದ ಮೇಲೆ ಮುತ್ಯಾ ನನ್ನ ಕಡೆ ತಾಳ ಸರಿಸಿದರು. “ಫೋನು ಕಿಸೆದಾಗ ಇಡು. ಇಲ್ಲಿ ಕೇಳೋರು ಬ್ಯಾರೆ ಹಾಡೋರು ಬ್ಯಾರೆ ಇಲ್ಲ.”

ಮೊದಲ ಅರ್ಧ ಗಂಟೆ ತಾಳ ತಪ್ಪಿಸ್ತಾನೇ ಇದ್ದೆ. ಯಾರೂ ಬೈಯಲಿಲ್ಲ. ಮುಂದಿನ ಶ್ರಾವಣಕ್ಕೆ ನಾಲ್ಕು ಸೋಮವಾರ, ನಾಲ್ಕು ರಜೆ ಈಗಲೇ ಹಾಕಿಟ್ಟಿದ್ದೀನಿ. ಟಿಕೆಟ್ಟಿಗಿಂತ ಇದು ದುಬಾರಿ.