ಉಡುಗೊರೆಯಾಗಿ ಬಂದ ಅಳಿಲು

ಇಂಗ್ಲೆಂಡಿನ ಚೆಷೈರ್ ಪ್ರಾಂತದ ಹೆನ್ಬರಿ ಪಾರ್ಕಿನಲ್ಲಿ 1876ರಲ್ಲಿ ಬ್ರಾಕಲ್‌ಹರ್ಸ್ಟ್ ಎಂಬ ಶ್ರೀಮಂತನು ಅಮೆರಿಕದ ಬೂದು ಅಳಿಲುಗಳನ್ನು ತಂದು ಬಿಟ್ಟನು. ಉದ್ಯಾನಕ್ಕೆ ಶೋಭೆ ಬರಲೆಂಬುದಲ್ಲದೆ ಬೇರೆ ಪ್ರಯೋಜನವೇನೂ ಇರಲಿಲ್ಲ. 1890ರಲ್ಲಿ, ಮುಂದೆ ಬೆಡ್‌ಫರ್ಡಿನ ಡ್ಯೂಕನಾದ ಹರ್ಬ್ರಾಂಡ್ ರಸೆಲನು ವೋಬರ್ನ್ ಎಸ್ಟೇಟಿಗೆ 10 ಅಳಿಲುಗಳನ್ನು ತರಿಸಿದನು. ಅವುಗಳ ಸಂತತಿ ಮಿತ್ರರ ಮನೆಗಳಿಗೆ ಉಡುಗೊರೆಯಾಗಿ ಹೋಯಿತು. ಐರ್ಲೆಂಡಿಗೆ ಅವು ತಲುಪಿದ್ದು 1911ರಲ್ಲಿ, ಕ್ಯಾಸಲ್ ಫೋರ್ಬ್ಸ್‌ನ ಮದುವೆಯೊಂದರ ಬುಟ್ಟಿಯಲ್ಲಿ. ನಮ್ಮ ಶಾಸ್ತ್ರಕಾರರು ಅನರ್ಥದಂಡದಲ್ಲಿ ಪ್ರಮಾದಚರ್ಯೆಯನ್ನೂ ಸೇರಿಸಿದ್ದೇಕೆಂಬುದು ಇಂತಹ ಸಂಗತಿಗಳಿಂದ ಸ್ಪಷ್ಟವಾಗುತ್ತದೆ.

ಆ ದ್ವೀಪಗಳ ಮೂಲನಿವಾಸಿ ಕೆಂಪು ಅಳಿಲು. ಅದು ಗಾತ್ರದಲ್ಲಿ ಚಿಕ್ಕದು. ಓಕ್ ಮರದ ಕಾಯಿಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅದಕ್ಕೆ ಕಡಮೆ. ಬೂದು ಅಳಿಲಿಗೆ ಆ ತೊಂದರೆಯಿಲ್ಲ. ಇದಕ್ಕಿಂತಲೂ ದಾರುಣವಾದುದು ಒಂದು ಸಿಡುಬು ರೋಗ. ಬೂದು ಅಳಿಲು ಅದನ್ನು ಹೊತ್ತು ತಿರುಗಿದರೂ ಸ್ವಸ್ಥವಾಗಿರುತ್ತದೆ. ಸೋಂಕು ತಗಲಿದ ಕೆಂಪು ಅಳಿಲು ಸಾಮಾನ್ಯವಾಗಿ ಎರಡು ವಾರಗಳೊಳಗೆ ಸಾಯುತ್ತದೆ. 2018ರ ಅಂದಾಜಿನಂತೆ ಬ್ರಿಟನ್ನಿನಲ್ಲಿ ಕೆಂಪು ಅಳಿಲುಗಳು 2.87 ಲಕ್ಷ, ಬೂದು ಅಳಿಲುಗಳು 27 ಲಕ್ಷ.

ಆದರೆ ಕೆಂಪು ಅಳಿಲಿನ ಮೇಲಿನ ಈ ಮಮತೆ ಪುರಾತನವಾದುದೇನೂ ಅಲ್ಲ. ಅದು ಎಳೆಯ ಮರಗಳನ್ನು ಕೆಡಿಸುತ್ತದೆಂದು 1903ರಲ್ಲಿ ಸ್ಕಾಟ್ಲೆಂಡಿನ ಭೂಮಾಲೀಕರು ಹೈಲ್ಯಾಂಡ್ ಸ್ಕ್ವಿರಲ್ ಕ್ಲಬ್ ಸ್ಥಾಪಿಸಿ, ಮೂವತ್ತು ವರ್ಷಗಳಲ್ಲಿ 80 ಸಾವಿರಕ್ಕೂ ಹೆಚ್ಚು ಕೆಂಪು ಅಳಿಲುಗಳನ್ನು ಕೊಲ್ಲಿಸಿದರು. ಒಂದು ತಲೆಮಾರಿನ ಶತ್ರು ಮತ್ತೊಂದು ತಲೆಮಾರಿಗೆ ರಕ್ಷಣೀಯವಾಯಿತು.

ಬೂದು ಅಳಿಲಿನ ಆಮದನ್ನೂ ಸಾಕಣೆಯನ್ನೂ ಸರ್ಕಾರ ನಿಷೇಧಿಸಿದ್ದು 1937ರಲ್ಲಿ, ಅಂದರೆ ಅರವತ್ತು ವರ್ಷಗಳ ನಂತರ. 1953ರಿಂದ ಬಾಲವೊಂದಕ್ಕೆ ಒಂದು ಶಿಲ್ಲಿಂಗಿನಂತೆ, ಬಳಿಕ ಎರಡು ಶಿಲ್ಲಿಂಗಿನಂತೆ ಬಹುಮಾನ ಕೊಟ್ಟರು. ಬಾಲಕ್ಕೆ ಬೆಲೆ ಕಟ್ಟಿದರೆ ಮಾರುಕಟ್ಟೆಗೆ ಬರುವುದು ಬಾಲವೇ ಹೊರತು ಪರಿಹಾರವಲ್ಲವೆಂದು ಯಾವ ವರ್ತಕನೂ ಹೇಳಬಹುದಿತ್ತು. ಹಣವೂ ಪ್ರಾಣವೂ ವ್ಯಯವಾದವು, ಅಳಿಲು ಉಳಿಯಿತು. 1958ರಲ್ಲಿ ಯೋಜನೆ ನಿಂತಿತು.

ವಿಚಾರವಂತರು ವಿಶೇಷವಾಗಿ ಗಮನಿಸಬೇಕಾದುದು ಇಟಲಿಯ ಸಂಗತಿ. ಅಲ್ಲಿ 1948ರಲ್ಲಿ ಟ್ಯೂರಿನ್ ಸಮೀಪದ ಸ್ಟುಪಿನಿಜಿಯಲ್ಲಿ ಎರಡು ಜೋಡಿ ಬಿಟ್ಟಿದ್ದರು. ಸಂತತಿ ಇನ್ನೂ ಸೀಮಿತ ಪ್ರದೇಶದಲ್ಲಿದ್ದಾಗ, 1997ರಲ್ಲಿ, ರಾಕೊನಿಜಿಯ ತೋಪಿನಲ್ಲಿ ಅವನ್ನು ಹಿಡಿದು ಅರಿವಳಿಕೆಯಿಂದ ಕೊಲ್ಲುವ ಪ್ರಯೋಗ ಆರಂಭವಾಯಿತು. ಪ್ರಾಣಿದಯಾ ಸಂಘಗಳು ನ್ಯಾಯಾಲಯಕ್ಕೆ ಹೋದವು, ಕೆಲಸ ನಿಂತಿತು. 2000ದಲ್ಲಿ ಅಧಿಕಾರಿಗಳು ನಿರ್ದೋಷಿಗಳೆಂದು ತೀರ್ಪಾಯಿತು. ಅಷ್ಟರಲ್ಲಿ ಅಳಿಲು ಎಷ್ಟು ಹರಡಿತ್ತೆಂದರೆ, ನಿರ್ಮೂಲನ ಇನ್ನು ಸಾಧ್ಯವಿಲ್ಲವೆಂದು ತಜ್ಞರು ಕೈಚೆಲ್ಲಿದರು. ದೂರು ಕೊಟ್ಟವರ ದಯೆಯನ್ನು ನಾನು ಹಗುರವಾಗಿ ಕಾಣಲಾರೆ. ಕೊಲೆ ಕೊಲೆಯೇ. ಆದರೆ ತೋಪಿನಲ್ಲಿ ನಿಧಾನವಾಗಿ ಅಳಿಯುವ ಕೆಂಪು ಅಳಿಲಿನ ಪರವಾಗಿ ಆ ಮೊಕದ್ದಮೆಯಲ್ಲಿ ಯಾರೂ ದೂರು ಕೊಟ್ಟಿರಲಿಲ್ಲ.

ವೇಲ್ಸ್‌ನ ಆಂಗಲ್‌ಸೀ ದ್ವೀಪದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. 1998ರಲ್ಲಿ ಅಲ್ಲಿ ಕೆಂಪು ಅಳಿಲುಗಳು ಸುಮಾರು 40 ಮಾತ್ರ ಉಳಿದಿದ್ದವು. ಸಾವಿರಾರು ಬೂದು ಅಳಿಲುಗಳನ್ನು ಹಿಡಿದು ಕೊಂದ ಮೇಲೆ, 2015ರಲ್ಲಿ ದ್ವೀಪ ಅವುಗಳಿಂದ ಮುಕ್ತವೆಂದು ಘೋಷಿಸಿದರು; ಕೆಂಪು ಅಳಿಲುಗಳ ಸಂಖ್ಯೆ ನೂರುಗಳಿಗೇರಿತು. ಫಲ ನಿಜ, ಅದಕ್ಕೆ ತೆತ್ತ ಬೆಲೆಯೂ ನಿಜ.

ಕೈಯಲ್ಲಿ ಕೋವಿಯಿಲ್ಲದ ದಾರಿಯೊಂದು ಐರ್ಲೆಂಡಿನಲ್ಲಿ ಕಾಣಿಸಿತು. ನಮ್ಮ ಕೊಡಗಿನ ಕಾಡಿನ ನೀಲಗಿರಿ ಮಾರ್ಟೆನ್‌ನ ದಾಯಾದಿಯಾದ ಪೈನ್ ಮಾರ್ಟೆನ್ ಮರಳಿ ಬಂದೆಡೆ ಬೂದು ಅಳಿಲು ಕುಗ್ಗಿ ಕೆಂಪು ಅಳಿಲು ಹಿಗ್ಗಿತೆಂದು 2014ರಲ್ಲಿ ಸಂಶೋಧಕರು ಪ್ರಕಟಿಸಿದರು. ಕೆಂಪು ಅಳಿಲಿಗೆ ಈ ಬೇಟೆಗಾರನ ಪರಿಚಯ ತಲತಲಾಂತರದ್ದು, ಹೊಸಬನಿಗೆ ಅದಿಲ್ಲ. ಇಲ್ಲಿಯೂ ಪ್ರಾಣಹಾನಿಯಿದೆ, ಮನುಷ್ಯನ ಸಂಕಲ್ಪವಷ್ಟೇ ಕಡಮೆ. ಬ್ರಿಟನ್ನಿನ ಸರ್ಕಾರಿ ವಿಜ್ಞಾನಿಗಳು ಸಂತಾನ ತಡೆಯುವ ಆಹಾರವನ್ನೂ ಸಿದ್ಧಪಡಿಸಲು ಯತ್ನಿಸುತ್ತ ಬಂದಿದ್ದಾರೆ. ಅದನ್ನಿಡುವ ಪೆಟ್ಟಿಗೆಯ ಬಾಗಿಲು ತೂಕಕ್ಕೆ ತಕ್ಕಂತೆ ತೆರೆಯುತ್ತದೆ: ಭಾರವಾದ ಬೂದು ಅಳಿಲಿಗೆ ತೆರೆದುಕೊಳ್ಳುತ್ತದೆ, ಹಗುರವಾದ ಕೆಂಪು ಅಳಿಲು ಬಂದರೆ ಮುಚ್ಚಿಯೇ ಇರುತ್ತದೆ.