ಎಡೆದೊರೆನಾಡಿನ ಕಾಡೂ ಒಕ್ಕಲುತನವೂ

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಭಾಗವನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆನಾಡೆಂದು ಕರೆದಿವೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಈ ನಾಡಿನ ಒಡಲಿನಲ್ಲಿರುವ ಊರುಗಳು. ಇಲ್ಲಿಯ ಚರಿತ್ರೆಯೆಂದರೆ ಮುದಗಲ್ಲಿನ ಕೋಟೆ, 1520ರ ರಾಯಚೂರಿನ ಕಾಳಗ, ಮಸ್ಕಿಯ ಅಶೋಕಶಾಸನ ಎಂದಿಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಅರಸರ ಕಾಳಗಗಳ ನಡುವೆಯೂ ಒಂದೆರಡು ಕೂರಿಗೆ ಹೊಲವನ್ನು ಉತ್ತು ಬಿತ್ತಿ ನಾಡನ್ನು ಸಾಕಿದ ಸಣ್ಣ ಒಕ್ಕಲಿಗನ ಚರಿತ್ರೆಯೂ ಒಂದುಂಟು. ಆ ಚರಿತ್ರೆಯಲ್ಲಿ ಕಾಡಿಗೆ ಸಲ್ಲುವ ಸ್ಥಾನವೇನೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಾಡೆಂದೊಡನೆ ವಾಚಕರ ಕಣ್ಣಮುಂದೆ ಮಲೆನಾಡಿನ ದಟ್ಟಡವಿ ನಿಲ್ಲಬಹುದು. ಸಂವತ್ಸರಕ್ಕೆ ಸುಮಾರು 600 ಮಿಲ್ಲಿಮೀಟರು ಮಳೆಯನ್ನು ಕಾಣುವ ನಮ್ಮ ಸೀಮೆಯ ಕಾಡು ಆ ಜಾತಿಯದಲ್ಲ. ಬಂಡೆಗುಡ್ಡಗಳ ಇಳಿಜಾರಿನಲ್ಲಿಯೂ ಹಳ್ಳದ ದಡಗಳಲ್ಲಿಯೂ ಬೆಳೆಯುವ ಜಾಲಿ, ಬಾರಿ, ಬನ್ನಿ, ಬೇವು, ತಂಗಡಿ. ಅವುಗಳ ನಡುವೆ ಮಳೆಗಾಲದಲ್ಲಿ ಚಿಗುರುವ ಹುಲ್ಲು. ಇದೇ ನಮ್ಮ ಅಡವಿ. ನೋಟಕ್ಕೆ ಬಡವಾದ ಈ ಅಡವಿಯೇ ಎರೆಹೊಲದ ಬಲವಾಗಿದ್ದಿತು.

ಈ ಸಂಬಂಧವು ಎಷ್ಟು ಹಳೆಯದೆಂಬುದಕ್ಕೆ ನೆಲವೇ ಸಾಕ್ಷಿ ನುಡಿಯುತ್ತದೆ. ಮುದಗಲ್ಲಿನ ಸಮೀಪದ ಪಿಕಳಿಹಾಳದಲ್ಲಿ 1952ರಲ್ಲಿ ಅಗೆತ ನಡೆಸಿದ ಆಲ್ಚಿನ್ ಎಂಬ ವಿದ್ವಾಂಸರು ನವಶಿಲಾಯುಗದ ಪಶುಪಾಲಕರ ನೆಲೆಯೊಂದನ್ನು ಬೆಳಕಿಗೆ ತಂದರು. ಅಲ್ಲಿಯ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ. ಕೃಷ್ಣೆಯಾಚೆ, ಇಂದು ತೆಲಂಗಾಣಕ್ಕೆ ಸೇರಿದ ಉಟ್ನೂರಿನ ಬೂದಿದಿಬ್ಬವನ್ನು ಅವರೇ 1957ರಲ್ಲಿ ಅಗೆಸಿದಾಗ, ಮರದ ಕಂಬಗಳನ್ನು ನೆಟ್ಟು ಕಟ್ಟಿದ ದೊಡ್ಡಿಗಳ ಗುರುತುಗಳೂ ದನಗಳ ಗೊರಸಿನ ಮುದ್ರೆಗಳೂ ಕಂಡುಬಂದವು. ದೊಡ್ಡಿಯಲ್ಲಿ ರಾಶಿಯಾದ ಸೆಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಆ ದಿಬ್ಬವು ಬೆಳೆಯಿತೆಂಬುದು ಇದರಿಂದ ಸಿದ್ಧವಾಯಿತು. ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್ಲುಗಳಲ್ಲಿಯೂ ಬಳ್ಳಾರಿಯ ಬಳಿಯ ಕುಡತಿನಿಯಲ್ಲಿಯೂ ಇಂತಹ ದಿಬ್ಬಗಳುಂಟು. ಅಷ್ಟು ಸೆಗಣಿ ಬೀಳಬೇಕಾದರೆ ಎಷ್ಟು ದನಗಳಿದ್ದಿರಬೇಕು! ಅಷ್ಟು ದನಗಳು ಮೇಯಬೇಕಾದರೆ ಎಷ್ಟು ಹುಲ್ಲುಗಾವಲಿದ್ದಿರಬೇಕು! ಸುಟ್ಟರೂ ತೀರದಷ್ಟು ಸೆಗಣಿಯಿದ್ದ ಕಾಲವದು.

ಕಾಡು ಸವೆದ ಕಥೆಯೂ ಹಳೆಯದೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ಪುರಾತನರು ತೋಡಿದ ಸುರಂಗಗಳಿಂದ ದೊರೆತ ಮರದ ತುಂಡುಗಳು ಸುಮಾರು 2000 ವರ್ಷಗಳ ಹಿಂದಿನವೆಂದು ಇಂಗಾಲದ ಪರೀಕ್ಷೆಯಿಂದ ತಿಳಿದಿದೆ. ಬಂಡೆಗೆ ಬೆಂಕಿಯಿಟ್ಟು, ಕಾದ ಕಲ್ಲನ್ನು ಬಿರಿಯಿಸಿ ಅದಿರನ್ನು ತೆಗೆಯುವುದು ಅಂದಿನ ಕ್ರಮ. ಅದಕ್ಕೆ ಬಂಡಿಗಟ್ಟಲೆ ಸೌದೆ ಬೇಕು. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಎಂಬವರೂ ಚಿನ್ನದ ಗಣಿಯ ಇಂಜಿನಿಯರೇ ಆಗಿದ್ದರು. ಆ ಶಾಸನದಲ್ಲಿ ಕಾಡಿನ ಮಾತಿಲ್ಲ. ಆದರೆ ಅದೇ ಅಶೋಕನ ಐದನೆಯ ಸ್ತಂಭಶಾಸನದಲ್ಲಿ ನಿಷ್ಕಾರಣವಾಗಿ ಕಾಡಿಗೆ ಬೆಂಕಿಯಿಡಬಾರದೆಂಬ ವಿಧಿಯುಂಟು. ವಿಧಿಸಬೇಕಾಯಿತೆಂದರೆ, ಸುಡುವವರು ಇದ್ದರೆಂದೇ ಅರ್ಥ.

ಇನ್ನು ಒಕ್ಕಲಿಗನ ಬಾಳನ್ನು ನೋಡುವ. ನೇಗಿಲು, ನೊಗ, ಕುಂಟೆ, ಕೂರಿಗೆ, ಬಂಡಿಯ ಗಾಲಿ ಇವೆಲ್ಲಕ್ಕೂ ಕರಿಜಾಲಿಯ ಮರವೇ ಆಧಾರ. ಬೇಲಿಗೆ ಅದರ ಮುಳ್ಳು, ಆಡುಕುರಿಗಳಿಗೆ ಅದರ ಕಾಯಿ. ಹಗಲು ಅಡವಿಯಲ್ಲಿ ಮೇದ ಕುರಿಹಿಂಡನ್ನು ರಾತ್ರಿ ಹೊಲದಲ್ಲಿ ತರುಬಿಸಿ, ಕುರುಬರಿಗೆ ಕಾಳು ಕೊಡುವ ಪದ್ಧತಿ ನಮ್ಮಲ್ಲಿ ಬಹು ಹಿಂದಿನದು. ಉಳದೆ ಬಿಟ್ಟ ನೆಲದ ಸಾರವು ಹೀಗೆ ದನಕುರಿಗಳ ಹೊಟ್ಟೆಯ ಮೂಲಕ ಉತ್ತ ನೆಲಕ್ಕೆ ಬಂದು ಸೇರುತ್ತಿದ್ದಿತು. ನಿಜಾಮಶಾಹಿಯಲ್ಲಿ ಊರ ಹಿಡಿತದ ಮೇವಿನ ನೆಲಕ್ಕೆ ಗಾಯರಾಣವೆಂಬ ಹೆಸರಿದ್ದಿತು. ಅದು ಪಡವೆಂದು ಕಂಡರೂ ಊರಿನ ಗೊಬ್ಬರದ ಗಣಿಯೇ ಆಗಿದ್ದಿತು.

ಧಾತು ಈಶ್ವರ ಸಂವತ್ಸರಗಳ (1876-78) ಮಹಾಕ್ಷಾಮವು ದಕ್ಷಿಣಾಪಥವನ್ನೆಲ್ಲ ಉರಿಸಿದ ಮೇಲೆ ಒಕ್ಕಲುತನದ ದೈನ್ಯವು ಸರಕಾರದ ಕಣ್ಣಿಗೂ ಬಿದ್ದಿತು. 1889ರಲ್ಲಿ ಇಂಗ್ಲೆಂಡಿನಿಂದ ಬಂದು ಹಿಂದುಸ್ಥಾನದ ಬೇಸಾಯವನ್ನು ಪರಿಶೀಲಿಸಿದ ವೋಲ್ಕರ್ ಎಂಬ ರಸಾಯನಜ್ಞರು 1893ರ ತಮ್ಮ ವರದಿಯಲ್ಲಿ ಒಂದು ಮಾತನ್ನು ಒತ್ತಿ ಹೇಳಿದರು. ರೈತನು ಸೆಗಣಿಯನ್ನು ಸುಡುವುದು ಅಜ್ಞಾನದಿಂದಲ್ಲ, ಸೌದೆಯಿಲ್ಲದುದರಿಂದ. ಆದುದರಿಂದ ಸೌದೆಗೂ ಮೇವಿಗೂ ಊರುಗಳ ಹತ್ತಿರ ಕಾಡು ಬೆಳೆಸಬೇಕು ಎಂಬುದೇ ಅವರ ಅಭಿಪ್ರಾಯ. ನಮ್ಮ ಸೀಮೆಗೂ ಈ ಮಾತು ಅಕ್ಷರಶಃ ಸಲ್ಲುತ್ತದೆ. ಕುಳ್ಳಾಗಿ ಒಲೆಗೆ ಹೋದ ಸೆಗಣಿಯು ತಿಪ್ಪೆಗೆ ಬಾರದು. ತಿಪ್ಪೆ ಬರಿದಾದವನ ಹೊಲವು ಬರಗಾಲವನ್ನು ತಾಳದು. ಪಿಕಳಿಹಾಳದ ಕಾಲದವರು ಸೆಗಣಿಯನ್ನು ಸುಟ್ಟುದು ಸಮೃದ್ಧಿಯಿಂದ. ಅವರ ಮೊಮ್ಮಕ್ಕಳು ಸುಟ್ಟುದು ಅಭಾವದಿಂದ. ಬೂದಿ ಒಂದೇ ಬಣ್ಣದ್ದು; ಕಥೆ ಬೇರೆ.

1945ರಲ್ಲಿ ಅಸ್ತಿಭಾರವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. ಎಡದಂಡೆಯ ಕಾಲುವೆಯು ಸಿಂಧನೂರಿಗೆ ಬತ್ತದ ಕಣಜವೆಂಬ ಹೆಸರನ್ನು ತಂದಿತು. ಜೋಳದ ಹೊಲ ಗದ್ದೆಯಾಯಿತು, ಉಣ್ಣುವವರು ಹೆಚ್ಚಿದರು. ಇದು ಸಣ್ಣ ಉಪಕಾರವಲ್ಲ. ಆದರೆ ನೀರು ನಿಂತಲ್ಲಿ ಸವಳೂ ಎದ್ದಿತು. ಇಂದು ಅಡಿಗೆಯ ಅನಿಲ ಬಂದು ಕುಳ್ಳಿನ ಅಗತ್ಯ ಕಡಿಮೆಯಾಗಿದೆ. ಒಲೆಯಿಂದ ಉಳಿದ ಸೆಗಣಿ ಹೊಲಕ್ಕೆ ಹೋಗೋಣವೆನ್ನುವಷ್ಟರಲ್ಲಿ ಟ್ರ್ಯಾಕ್ಟರು ಬಂದು ಎತ್ತುಗಳೇ ಕಡಿಮೆಯಾಗಿವೆ. ಪಡನೆಲಗಳಲ್ಲಿ ಹಬ್ಬಿರುವ ಪರದೇಶದ ಬಳ್ಳಾರಿಜಾಲಿಯು ಸೌದೆಯನ್ನು ಕೊಡುತ್ತದೆಯೇ ಹೊರತು, ಅದರ ಸೊಪ್ಪನ್ನು ದನ ಮುಟ್ಟುವುದಿಲ್ಲ.

ಹೋದ ಅಡವಿಯನ್ನು ಇದ್ದಂತೆಯೇ ತರುವುದು ಅಸಾಧ್ಯ. ಆದರೂ ಬದುವಿನ ಮೇಲೆ ಬೇವು, ಹೊಂಗೆ, ಕರಿಜಾಲಿಗಳನ್ನು ನೆಡುವುದು ಸಣ್ಣ ಹಿಡುವಳಿಯವನಿಗೂ ಸಾಧ್ಯ. 2011-12ರಲ್ಲಿ ಮೊದಲಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಬದುಕುಳಿದ ಸಸಿಗೆ ಮೂರು ವರ್ಷ ಹಣವನ್ನು ಕೊಡುವುದಾಗಿ ಹೇಳಿದುದು ಉಚಿತವಾದ ಮಾರ್ಗವೇ. ಅದರ ಜೊತೆಗೆ ಪ್ರತಿಯೊಂದು ಊರೂ ತನ್ನ ಗಾಯರಾಣವೆಲ್ಲಿ, ಎಷ್ಟು ಉಳಿದಿದೆ ಎಂದು ಒಮ್ಮೆ ಅಳೆದು ನೋಡಬೇಕು. ವಿದ್ಯಾವಂತ ಮನೆತನಗಳವರು ತಮ್ಮ ತಮ್ಮ ಊರುಗಳಲ್ಲಿ ಈ ಲೆಕ್ಕವನ್ನು ಕೇಳಲು ಮುಂದಾದರೆ ಅದೇ ನಾಡಿಗೆ ದೊಡ್ಡ ಸೇವೆ. ಕೋಟೆ ಶಾಸನಗಳನ್ನು ಕಾಯುವವರಿದ್ದಾರೆ. ಊರ ಮೇವಿನ ನೆಲವನ್ನು ಊರವರೇ ಕಾಯಬೇಕು.