ಕಲ್ಲಿನಲ್ಲಿ ಕುಚ್ಚು: ಹೊಯ್ಸಳ ಶಿಲ್ಪಗಳ ಒಡವೆಯಲ್ಲಿ ದಾರದ ಪಾಲು

ಹೊಯ್ಸಳ ಶಿಲ್ಪಗಳ ಒಡವೆಯ ಮಾತು ಬಂದರೆ ನಮ್ಮ ಬರಹಗಳು ಚಿನ್ನ, ಮುತ್ತು, ರತ್ನಗಳನ್ನು ಎಣಿಸುತ್ತವೆ. ಅವನ್ನೆಲ್ಲ ಮೈಮೇಲೆ ನಿಲ್ಲಿಸಿದ ದಾರ ಲೆಕ್ಕಕ್ಕೆ ಬರುವುದು ಅಪರೂಪ. ಮುತ್ತಿನ ಸರವೆಂದರೆ ಮೊದಲು ಹುರಿಗೊಳಿಸಿದ ದಾರ, ಆಮೇಲೆ ಗಂಟು, ಕೊನೆಗೆ ಮುತ್ತು. ಪೋಣಿಸುವ ಕೈಯನ್ನು ಬಿಟ್ಟು ಅಕ್ಕಸಾಲಿಗನನ್ನು ಮಾತ್ರ ಹೊಗಳಿದರೆ ಒಡವೆಯ ಅರ್ಧ ಚರಿತ್ರೆ ಕೈಬಿಟ್ಟಂತೆ.

1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಸೊಂಟದಲ್ಲಿ ಕಟಿಸೂತ್ರವಿದೆ. ಅದರಿಂದ ತೊಡೆಯ ಮೇಲೆ ಬಳುಕುವ ಸರಗಳನ್ನು ಶಿಲ್ಪಶಾಸ್ತ್ರದ ಅಭ್ಯಾಸಿಗಳು ಊರುದಾಮ ಎನ್ನುತ್ತಾರೆ, ಜೋಲುವ ಮುತ್ತಿನೆಳೆಗಳನ್ನು ಮುಕ್ತದಾಮ ಎನ್ನುತ್ತಾರೆ. ಸರ ಒಂದು ಬದಿಗೆ ತೂಗಿದೆ ಎಂದ ಮಾತ್ರಕ್ಕೆ ಅದು ದಾರವಾಗುವುದಿಲ್ಲ. ಸರಪಳಿಯೂ ಹಾಗೇ ತೂಗುತ್ತದೆ. ನೋಡಬೇಕಾದದ್ದು ತುದಿಯನ್ನು.

ಸೀರೆಗೆ ಕುಚ್ಚು ಹಾಕುವವರ ಕೆಲಸ ಇಲ್ಲಿ ನೆರವಿಗೆ ಬರುತ್ತದೆ. ಸೆರಗಿನ ಕೊನೆಯಲ್ಲಿ ನೇಯದೆ ಬಿಟ್ಟ ಎಳೆಗಳನ್ನು ಗೊಂಚಲು ಗೊಂಚಲಾಗಿ ಹಿಡಿದು ಗಂಟು ಹಾಕುವುದು ಹಳೆಯ ಬಗೆ. ಈಗ ಬಣ್ಣ ಹೊಂದಿಸಿ ಬೇರೆ ರೇಷ್ಮೆ ದಾರ ತಂದು, ಮಡಚಿ, ಮಡಿಕೆಯ ಸ್ವಲ್ಪ ಕೆಳಗೆ ಜರಿಯಿಂದ ಬಿಗಿಯಾಗಿ ಸುತ್ತಿ, ಸುತ್ತಿದ ದಾರದ ತುದಿಯನ್ನು ಸೂಜಿಯಿಂದ ಒಳಕ್ಕೆ ಎಳೆದು ಅಡಗಿಸಿ, ಕೆಳಗಿನ ಎಳೆಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸುತ್ತಾರೆ. ಬೇಬಿ ಕುಚ್ಚು, ಕ್ರೋಶಾ ಕುಚ್ಚು, ಮಣಿ ಕುಚ್ಚು ಎಂದು ಹೆಸರು ಹಲವಾದರೂ ಕಟ್ಟಿನಲ್ಲಿ ತಲೆ, ಕತ್ತು, ಹರಡಿದ ಎಳೆ ಎಂಬ ಮೂರು ಭಾಗ ಸಾಮಾನ್ಯ. ಕಲ್ಲಿನ ಜೋಲಿನಲ್ಲಿ ಈ ಮೂರೂ ಒಟ್ಟಿಗಿದ್ದರೆ, ಕತ್ತಿನ ಮೇಲೆ ಸುತ್ತಿನ ಗೆರೆಗಳಿದ್ದು ಕೆಳಗೆ ಉದ್ದುದ್ದ ಗೀರುಗಳಿದ್ದರೆ, ಅದನ್ನು ಕುಚ್ಚೆಂದು ಓದಲು ಆಧಾರವಿದೆ. ಕೆಳಭಾಗ ನುಣುಪಾಗಿ ಮುಚ್ಚಿಕೊಂಡಿದ್ದರೆ ಅದು ಗೆಜ್ಜೆಯೋ ಲೋಹದ ಪದಕವೋ ಇರಬಹುದು.

ಒಂದು ಎಚ್ಚರಿಕೆಯೂ ಬೇಕು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು. ಸಣ್ಣ ಉಳಿಗೂ ಒಗ್ಗುತ್ತದೆ. ಬಳ್ಳಿಗಾವೆಯ ದಾಸೋಜ, ಚಾವಣರಂಥ ರೂವಾರಿಗಳು ಕೆಲಸದ ಕೆಳಗೆ ಹೆಸರು ಕೊರೆದವರು. ಅವರ ಕೈ ಬೇಡಿಕೆಗಿಂತ ಒಂದಿಷ್ಟು ಹೆಚ್ಚೇ ಆಡಿದೆ. ಸುಂದರಿಯರ ಸೊಂಟದಲ್ಲಿರುವ ಮುತ್ತಿನ ತೋರಣವೇ ಕಂಬದ ಮೇಲೂ ಬರುತ್ತದೆ. ಹಾಗಾಗಿ ಎಲ್ಲ ಸರವನ್ನೂ ಅಂದಿನ ಹೆಂಗಸರ ಉಡುಗೆಯ ಸಾಕ್ಷ್ಯವೆಂದು ಒಪ್ಪಲಾಗದು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಬೇಲೂರಿನ ಶಿಲ್ಪಗಳಿಗೆ ಹೆಚ್ಚುಕಡಿಮೆ ಸಮಕಾಲೀನ. ಅದರಲ್ಲಿ ವಸ್ತ್ರಕ್ಕೂ ಭೂಷಣಕ್ಕೂ ಬೇರೆ ಬೇರೆ ಪ್ರಕರಣಗಳಿವೆ. ಆದರೂ ಅದು ಅರಮನೆಯ ಗ್ರಂಥ, ದಾರ ಹೊಸೆಯುವವರ ಕೈಪಿಡಿಯಲ್ಲ.

ಇದಕ್ಕಿಂತ ನಂಬಬಹುದಾದ ಸಾಕ್ಷಿ, ನನ್ನ ಮಟ್ಟಿಗೆ, ಪ್ರಾಣಿಗಳದು. ಹಳೇಬೀಡಿನ ಹೊಯ್ಸಳೇಶ್ವರದ ಕೆಳಪಟ್ಟಿಕೆಯಲ್ಲಿ ಆನೆಗಳ ಸಾಲಿದೆ, ಮೇಲೆ ಕುದುರೆ ಸವಾರರಿದ್ದಾರೆ. ಅಲ್ಲಿನ ಹಗ್ಗ ಅಲಂಕಾರವೂ ಹೌದು, ಕೆಲಸದ ವಸ್ತುವೂ ಹೌದು: ಬಿಗಿಯಬೇಕಾದ ಕಡೆ ಬಿಗಿಯಬೇಕು, ಜಾರಬೇಕಾದ ಕಡೆ ಜಾರಬೇಕು. ಜಾತ್ರೆಗೆ ಎತ್ತು ಸಿಂಗರಿಸುವ ಹಾಸನ ಸೀಮೆಯ ರೈತರಿಗೆ ಕೊರಳಿನ ಗೆಜ್ಜೆಸರ, ಕೊಂಬಿನ ಗೊಂಡೆ, ಮೂಗುದಾರಗಳ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಇಂದಿನ ಕಸುಬುದಾರರಿಗೂ ಹೊಯ್ಸಳರಿಗೂ ವಂಶದ ಎಳೆ ಜೋಡಿಸುವುದು ಈ ಟಿಪ್ಪಣಿಯ ಉದ್ದೇಶವಲ್ಲ. ಒಡವೆಗೆ ರೇಷ್ಮೆ ದಾರ ಕಟ್ಟುವ ಪಟವೇಗಾರರಾಗಲಿ, ಕವಡೆ ಮತ್ತು ಗೊಂಡೆ ಹೊಲಿಯುವ ಲಂಬಾಣಿ ಹೆಂಗಸರಾಗಲಿ ಅವರವರದೇ ದಾರಿಯಲ್ಲಿ ಬಂದವರು. ಸಮಾನವಾದದ್ದು ವಸ್ತುವಿನ ಕಟ್ಟುಪಾಡು: ತೂತಿಗಿಂತ ಗಂಟು ದಪ್ಪವಿರದಿದ್ದರೆ ಮಣಿ ಜಾರುತ್ತದೆ, ಕತ್ತು ಸಡಿಲಾದರೆ ಕುಚ್ಚು ಉದುರುತ್ತದೆ. ಈ ನಿಯಮಕ್ಕೆ ಕಾಲದ ಹಂಗಿಲ್ಲ.

 

ಇನ್ನು ಕಟ್ಟಿದ ಗಂಟಿನ ಪ್ರಶ್ನೆ. ಸರದ ಎರಡು ತುದಿ ಸೇರುವುದು ಬೆನ್ನ ಹಿಂದೆ ಅಥವಾ ಹೆಡತಲೆಯಲ್ಲಿ. ಮದನಿಕೆಯರ ಬೆನ್ನು ಕಲ್ಲಿಗೆ ಅಂಟಿದೆ, ಗೋಡೆಯ ಉಬ್ಬುಶಿಲ್ಪಗಳದೂ ಅಷ್ಟೆ. ಹಳೇಬೀಡಿನ ನಂದಿಗಳು ಹಾಗಲ್ಲ; ಸರ, ಗಂಟೆಗಳ ಸಮೇತ ಸುತ್ತಲೂ ಬಿಡಿಸಿದ ಬಿಡಿ ವಿಗ್ರಹಗಳು. ಗಂಟು ಹುಡುಕುವವರು ಮದನಿಕೆಯರನ್ನು ಬಿಟ್ಟು ನಂದಿಯ ಹಿಂಬದಿಯಿಂದ ಆರಂಭಿಸುವುದು ಒಳ್ಳೆಯದು.